ರಹಸ್ಯಚಿತ್ರದ ಭಿತ್ತಿಪತ್ರ

ಗೋಡೆಗೆ ಅಂಟಿಸಿದ ಕಾಗದವೊಂದು ದಾರಿಹೋಕರನ್ನು ತಡೆದು ನಿಲ್ಲಿಸುವುದು ಬಾದಾಮಿ ಸೀಮೆಯ ಜನರಿಗೆ ಹೊಸ ಸಂಗತಿಯಲ್ಲ. ಪುಷ್ಯ ಮಾಸದಲ್ಲಿ ನಡೆಯುವ ಬನಶಂಕರಿಯ ಜಾತ್ರೆಗೆ ವೃತ್ತಿನಾಟಕ ಕಂಪನಿಗಳು ಬಂದು ಬಿಡಾರ ಹೂಡುತ್ತವೆ. ಅವುಗಳ ನಾಟಕದ ಹೆಸರುಗಳು ದಪ್ಪಕ್ಷರಗಳಲ್ಲಿ ಗೋಡೆಗಳನ್ನೇರುತ್ತವೆ. ಸಂತೆಗೆ ಹೊರಟವನು ನಡೆಯುತ್ತಲೇ ಅವನ್ನು ಓದಿಕೊಳ್ಳುತ್ತಾನೆ. ಭಿತ್ತಿಪತ್ರಕ್ಕೆ ಅವನಿಂದ ದೊರೆಯುವ ಸಮಯ ನಾಲ್ಕೈದು ಕ್ಷಣ ಮಾತ್ರ.

ಸಾಮಾನ್ಯ ಭಿತ್ತಿಪತ್ರವು ಈ ಅಲ್ಪ ಕಾಲದಲ್ಲಿ ಎಷ್ಟು ಹೇಳಬಹುದೋ ಅಷ್ಟನ್ನೂ ಹೇಳಲು ಯತ್ನಿಸುತ್ತದೆ. ರಹಸ್ಯಚಿತ್ರದ ಭಿತ್ತಿಪತ್ರದ ಕೆಲಸ ಇದಕ್ಕಿಂತ ಕಠಿಣವಾದುದು. ಅದು ನೋಡುಗನ ಕುತೂಹಲವನ್ನು ಕೆರಳಿಸಬೇಕು, ಆದರೆ ಗುಟ್ಟನ್ನು ಬಿಟ್ಟುಕೊಡಬಾರದು. ಗುಟ್ಟನ್ನು ಕಾಪಾಡುವ ನೆಪದಲ್ಲಿ ಸುಳ್ಳನ್ನೂ ಹೇಳಬಾರದು.

ಬಾಗಲಕೋಟೆಯ ಸಮೀಪದ ಶಿರೂರಿನಲ್ಲಿ ಶಾಲೆಯ ಮಕ್ಕಳು ಕೂಡಿ ಅರ್ಧ ಗಂಟೆಯ ಒಂದು ಪತ್ತೇದಾರಿ ಚಿತ್ರವನ್ನು ತಯಾರಿಸಿದ್ದಾರೆಂದು ಊಹಿಸಬಹುದು. ಪರೀಕ್ಷೆಯ ದಿನ ಬೆಳಿಗ್ಗೆ ಶಾಲೆಯ ಗಂಟೆ ಕಾಣೆಯಾಗಿದೆ. ಅದನ್ನು ತೂಗುಹಾಕಿದ್ದ ಹಗ್ಗ ಮಾತ್ರ ಉಳಿದಿದೆ. ಕಳ್ಳನು ಹಗ್ಗವನ್ನು ಕತ್ತರಿಸಿಲ್ಲ, ಗಂಟನ್ನು ಬಿಚ್ಚಿದ್ದಾನೆ. ಹಾಗಾದರೆ ಅವನು ಆ ಗಂಟನ್ನು ಬಲ್ಲವನೇ ಆಗಿರಬೇಕು. ಇಡೀ ಕಥೆ ನಿಂತಿರುವುದು ಈ ಒಂದು ಸುಳಿವಿನ ಮೇಲೆ.

ಮೊದಲ ಯತ್ನದಲ್ಲಿ ಇಂಥ ಚಿತ್ರಕ್ಕೆ ಮೂಡುವ ಭಿತ್ತಿಪತ್ರವನ್ನು ಯಾರಾದರೂ ಊಹಿಸಬಲ್ಲರು: ಅಭಿನಯಿಸಿದ ಎಲ್ಲರ ಮುಖಗಳು, ಕೈದೀಪ, ಮುಸುಕುಧಾರಿ, ರಕ್ತದ ಕಲೆ, ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ. ಗೆಳೆಯರಲ್ಲಿ ಯಾರೊಬ್ಬರ ಮುಖವನ್ನೂ ಬಿಡಬಾರದೆಂಬ ಸ್ನೇಹಧರ್ಮ ಮೆಚ್ಚತಕ್ಕದ್ದೇ. ಆದರೆ ಐದು ಮುಖಗಳಲ್ಲಿ ಒಂದು ಕಳ್ಳನದಾಗಿದ್ದು, ಆ ಮುಖಕ್ಕೆ ಮಾತ್ರ ನೆರಳು ಬಳಿದಿದ್ದರೆ, ಮಕ್ಕಳ ತಿಂಗಳುಗಳ ಶ್ರಮ ಗೋಡೆಯ ಮೇಲೆಯೇ ಮುಗಿದುಹೋಗುತ್ತದೆ. ರಕ್ತದ ಕಲೆಯಂತೂ ಅಪ್ಪಟ ಸುಳ್ಳು, ಏಕೆಂದರೆ ಕಥೆಯಲ್ಲಿ ಯಾರಿಗೂ ಗಾಯವಾಗಿಲ್ಲ. ಕೊಲೆಯನ್ನು ನಿರೀಕ್ಷಿಸಿ ಬಂದವನಿಗೆ ಗಂಟೆಯ ಕಥೆ ಎಷ್ಟೇ ಸೊಗಸಾಗಿದ್ದರೂ ಸಪ್ಪೆಯಾಗಿಯೇ ತೋರುವುದು.

ಅಮೆರಿಕದ ವಿನ್ಯಾಸಕಾರ ಸಾಲ್ ಬಾಸ್ 1959ರಲ್ಲಿ ‘ಅನಾಟಮಿ ಆಫ್ ಎ ಮರ್ಡರ್’ ಎಂಬ ಚಿತ್ರಕ್ಕೆ ರಚಿಸಿದ ಭಿತ್ತಿಪತ್ರವನ್ನು ಇಲ್ಲಿ ಸ್ಮರಿಸಬೇಕು. ಅದರಲ್ಲಿರುವುದು ತುಂಡುತುಂಡಾಗಿ ಬೇರ್ಪಟ್ಟ ಒಂದು ಕಪ್ಪು ಮಾನವಾಕೃತಿ. ಆ ಆಕೃತಿಗೆ ಮುಖಚಹರೆಯೇ ಇಲ್ಲ. ನ್ಯಾಯಾಲಯದಲ್ಲಿ ಸತ್ಯವನ್ನು ಚೂರುಚೂರಾಗಿ ಜೋಡಿಸುವ ಕಥೆಗೆ ಅದು ತಕ್ಕ ಚಿತ್ರ. ಅಪರಾಧದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಆದರೂ ಒಮ್ಮೆ ನೋಡಿದವರು ಅದನ್ನು ಮರೆಯಲಾರರು. ಕನ್ನಡದಲ್ಲಿ ಕಾಶಿನಾಥ್ ಅವರು 1978ರಲ್ಲಿ ನಿರ್ದೇಶಿಸಿದ ರಹಸ್ಯಚಿತ್ರಕ್ಕೆ ‘ಅಪರಿಚಿತ’ ಎಂಬ ಹೆಸರಿತ್ತು. ಯಾರು ಆ ಅಪರಿಚಿತ ಎಂಬ ಪ್ರಶ್ನೆ ಹೆಸರಿನೊಳಗೇ ಅಡಗಿದೆ.

ಶಿರೂರಿನ ಚಿತ್ರಕ್ಕೂ ಒಂದೇ ವಸ್ತು ಸಾಕು. ಅದು ಖಾಲಿಯಾಗಿ ತೂಗುತ್ತಿರುವ ಹಗ್ಗ. ಆದರೆ ಹಗ್ಗದ ತುದಿಯನ್ನು ಹೇಗೆ ಬರೆಯುವುದು? ಕತ್ತರಿಸಿದಂತೆ ಬರೆದರೆ ಸುಳ್ಳಾಗುತ್ತದೆ, ಬಿಚ್ಚಿದಂತೆ ಬರೆದರೆ ಗುಟ್ಟು ರಟ್ಟಾಗುತ್ತದೆ. ಹಗ್ಗವನ್ನು ಮೇಲಿನಿಂದ ಇಳಿಬಿಟ್ಟು, ಅದರ ತುದಿ ಹೆಸರಿನ ಅಕ್ಷರಗಳ ಹಿಂದೆ ಮರೆಯಾಗುವಂತೆ ಮಾಡಿದರೆ ಎರಡೂ ತೊಡಕುಗಳು ನೀಗುತ್ತವೆ. ಚಿತ್ರವನ್ನು ನೋಡಿ ಹೊರಬಂದವನು ಮತ್ತೊಮ್ಮೆ ಭಿತ್ತಿಪತ್ರದತ್ತ ಕಣ್ಣು ಹಾಯಿಸಿದಾಗ, ಮರೆಯಾದ ಆ ತುದಿಯ ಅರ್ಥ ಅವನಿಗೆ ಹೊಳೆಯುತ್ತದೆ.

ಚಿತ್ರದ ಹೆಸರು ‘ಗಂಟೆ ಎಲ್ಲಿ?’ ಎಂದಿರಲಿ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರ ಸ್ಥೂಲ ಲೆಕ್ಕ. ಮೂವತ್ತು ಅಡಿ ದೂರದಿಂದ ಓದಲು ಮೂರು ಅಂಗುಲದ ಅಕ್ಷರ ಬೇಕು. 42 ಸೆಂ.ಮೀ. ಅಗಲ, 59.4 ಸೆಂ.ಮೀ. ಎತ್ತರದ ಹಾಳೆಯಲ್ಲಿ ಈ ಹೆಸರು ಎರಡು ಸಾಲುಗಳಲ್ಲಿ ಸಲೀಸಾಗಿ ಹಿಡಿಸುತ್ತದೆ. ಕನ್ನಡ ಲಿಪಿಗೆ ವಿಶಿಷ್ಟವಾದ ಒಂದು ಎಚ್ಚರವೂ ಅಗತ್ಯ: ‘ಎಲ್ಲಿ’ಯಲ್ಲಿರುವಂತಹ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅದಕ್ಕೆ ಮೊದಲೇ ಸ್ಥಳ ಬಿಡದಿದ್ದರೆ ಕೆಳಗಿನ ಬರಹ ಅದಕ್ಕೆ ತಾಗಿ ಎರಡೂ ಕೆಡುತ್ತವೆ. ಇಂಗ್ಲಿಷ್ ಮಾದರಿಯನ್ನು ಕಣ್ಣುಮುಚ್ಚಿ ಅನುಸರಿಸುವವರು ಎಡವುವುದು ಇಲ್ಲಿಯೇ.

ಬಣ್ಣಗಳು ಎರಡೇ ಸಾಕು. ನೂರಾರು ಗಜ ದೂರದಿಂದಲೂ ಗುರುತು ಸಿಗುವ ಹಳದಿ–ಕೆಂಪಿನ ಕನ್ನಡ ಬಾವುಟವನ್ನು 1960ರ ದಶಕದಲ್ಲಿ ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರೆಂಬುದು ಇಲ್ಲಿ ನೆನಪಿಗೆ ಬಾರದಿರದು. ಇಳಕಲ್ ಸೀರೆಯ ಮೈ ಸರಳವಾಗಿರುವುದರಿಂದಲೇ ಕೆಂಪು ಸೆರಗಿನ ಬಿಳಿಯ ತೆನೆಗಳು ಕಣ್ಣು ಸೆಳೆಯುತ್ತವೆ. ಹಾಗೆಯೇ ಹಳದಿಯ ಬಯಲಿನಲ್ಲಿ ಕಪ್ಪು ಹಗ್ಗವೊಂದೇ ಇದ್ದರೆ ನೋಟ ಬೇರೆಡೆಗೆ ಹರಿಯುವುದಿಲ್ಲ. ಅಭಿನಯಿಸಿದವರ ಹೆಸರು, ಪ್ರದರ್ಶನದ ಸ್ಥಳ, ದಿನ, ವೇಳೆ ಇವೆಲ್ಲ ಕೆಳಗಿನ ಅಂಚಿನಲ್ಲಿ ಸಣ್ಣಕ್ಷರಗಳಲ್ಲಿರಲಿ. ನಿಂತವನು ಅವನ್ನು ಹತ್ತಿರ ಬಂದು ಓದಿಯೇ ಓದುತ್ತಾನೆ.

ಅಚ್ಚಿಗೆ ಕಳುಹಿಸುವ ಮುನ್ನ ಕರಡು ಪ್ರತಿಯನ್ನು ಶಾಲೆಯ ಅಂಗಳದ ಆಚೆಯ ಗೋಡೆಗೆ ತೂಗುಹಾಕಿ, ಕಥೆಯನ್ನರಿಯದ ವಿದ್ಯಾರ್ಥಿಯೊಬ್ಬನಿಗೆ ಐದು ಎಣಿಸುವವರೆಗೆ ಮಾತ್ರ ತೋರಿಸಬೇಕು. ಬಳಿಕ ಅವನು ಏನನ್ನು ತಿಳಿಯಬಯಸುತ್ತಾನೆಂದು ಕೇಳಬೇಕು. ‘ಗಂಟೆಯನ್ನು ಒಯ್ದವರು ಯಾರು?’ ಎಂದರೆ ಅಚ್ಚಿಗೆ ಕೊಡಬಹುದು. ‘ಯಾರೋ ಗಂಟು ಬಿಚ್ಚಿದ್ದಾರೆ’ ಎಂದರೆ ಹಗ್ಗವನ್ನು ಮತ್ತೆ ಬರೆಯಬೇಕು.