ಹುಸಿ ಕಲೆ ಮತ್ತು ವ್ಯಂಗ್ಯ

ಹುಸಿ ಕಲೆಯನ್ನು ನೇರವಾಗಿ ಖಂಡಿಸಿದರೆ ವಿಮರ್ಶಕನ ಮಾತು ಉಪದೇಶವಾಗಿ ಉಳಿಯುತ್ತದೆ. ವ್ಯಂಗ್ಯವಾದರೋ ಆ ಕಲೆಯ ಬಾಯಿಂದಲೇ ಅದರ ಹುಸಿಯನ್ನು ಹೊರಡಿಸುತ್ತದೆ. 2005ರಲ್ಲಿ ರಂಗವೇರಿದ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ನಾಟಕವು ಇದಕ್ಕೆ ಉತ್ತಮ ನಿದರ್ಶನ. ಕನ್ನಡದ ಕತೆಗಾರ್ತಿ ಮಂಜುಳಾ ನಾಯಕ್ ಇಂಗ್ಲಿಷ್ ಕಾದಂಬರಿಯೊಂದರಿಂದ ಜಗತ್ಪ್ರಸಿದ್ಧಳಾಗುತ್ತಾಳೆ. ದೂರದರ್ಶನದಲ್ಲಿ ಭಾಷಣ ಮುಗಿಸಿ ಹೊರಡುವಾಗ ತೆರೆಯ ಮೇಲಿನ ಅವಳ ಬಿಂಬವೇ ಅವಳನ್ನು ಪ್ರಶ್ನಿಸತೊಡಗುತ್ತದೆ. ಆ ಕೃತಿಯು ತೀರಿಹೋದ ತಂಗಿ ಮಾಲಿನಿಯದೆಂಬುದು ಕಡೆಗೆ ಬಯಲಾಗುತ್ತದೆ. ಇಲ್ಲಿ ಬೇರೆ ನ್ಯಾಯಾಧೀಶರಿಲ್ಲ. ಕೀರ್ತಿಯನ್ನು ಸಾರಿದ ತೆರೆಯೇ ಸಾಕ್ಷಿ.

ಈ ವ್ಯಂಗ್ಯದ ಗುರಿ ಕೇವಲ ಇಂಗ್ಲಿಷಿನ ವ್ಯಾಮೋಹವಲ್ಲ. ತನ್ನದಲ್ಲದ ಅನುಭವವನ್ನು ತನ್ನದೆನ್ನುವ ಕೃತ್ರಿಮ. ಕನ್ನಡ ಮರಾಠಿಗಳೆರಡನ್ನೂ ನಿತ್ಯ ಕೇಳುವ ಬೆಳಗಾವಿ, ಖಾನಾಪುರಗಳ ವಿದ್ಯಾರ್ಥಿಗೆ ಈ ಭೇದವು ಮುಖ್ಯವಾದುದು. ಯಾವ ಭಾಷೆಯಲ್ಲಿ ಬರೆದನೆಂಬುದಕ್ಕಿಂತ, ಬರೆದುದು ತನ್ನದೇ ಹೌದೇ ಎಂಬುದೇ ಮೊದಲ ಪ್ರಶ್ನೆ.