ಹಾಳೆಯ ಕೆಳಗಿನ ನೆಲ



ಹಿತ್ತಲಲ್ಲಿ ಪುಟ್ಟ ಕೊಳವಾಗಲಿ, ಹೊಲದಲ್ಲಿ ಕೃಷಿ ಹೊಂಡವಾಗಲಿ, ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿ ಮಳೆನೀರು ಹಿಡಿಯುವವರು ಈಗ ಬಹಳ ಮಂದಿ ಇದ್ದೀರಿ. 2014-15ರಲ್ಲಿ ನಮ್ಮ ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲಂತೂ ಬಯಲುಸೀಮೆಯ ಹಳ್ಳಿಗಳಲ್ಲಿ ಇಂಥ ಹೊಂಡಗಳು ಹೊಸತೇನಲ್ಲ. ಹಾಳೆ ಎಷ್ಟು ದಪ್ಪ, ಬೆಲೆ ಎಷ್ಟು, ಸಹಾಯಧನ ಎಷ್ಟು ಎಂದು ಎಲ್ಲರೂ ಕೇಳುತ್ತೀರಿ. ಹಾಳೆಯ ಕೆಳಗಿನ ನೆಲ ಹೇಗಿರಬೇಕು ಎಂದು ಕೇಳುವವರು ಕಡಿಮೆ. ಒಂದು ಕಾಲಕ್ಕೆ ನಾನೂ ಕೇಳಿರಲಿಲ್ಲ. ಅದರ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ.

2015ನೆಯ ಇಸವಿ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿತ್ತಷ್ಟೆ. ಹೊಸಕೋಟೆ ಕಡೆಯ ಒಂದು ಹಳ್ಳಿಯಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೋಡಿಸಿದೆವು. ಇಳಿಜಾರು ಬಿಟ್ಟು ಲೆಕ್ಕ ಹಾಕಿದರೆ ಅದರಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಗೆ ಎರಡೂವರೆ ಅಂಗುಲ ಮಳೆ ಬಿದ್ದಷ್ಟು ನೀರು ಅದು. ರಾಗಿಗೆ ಒಂದು ಆಪತ್ತಿನ ನೀರು. ಮೋಡ ಕವಿದಿತ್ತು, ಮಳೆ ಬರುವುದರೊಳಗೆ ಮುಗಿಸೋಣ ಎಂದು ಅವಸರ ಮಾಡಿದೆ. ಯಂತ್ರ ತೋಡಿ ಹೋದ ನೆಲದ ಮೇಲೆ ಹಾಗೇ ಹಾಳೆ ಎಳೆಸಿದೆ. ಎರಡು ಮಳೆಗೆ ಹೊಂಡ ತುಂಬಿತು. ಊರವರೆಲ್ಲ ಬಂದು ನೋಡಿದರು, ನಾನೂ ಬೀಗಿದೆ. ಹದಿನೈದು ದಿನಕ್ಕೆ ನೀರು ಅರ್ಧಕ್ಕಿಳಿಯಿತು. ರಾಗಿ ತೆನೆ ಹೊರಡುವ ಹೊತ್ತಿಗೆ ಮಳೆ ಕೈಕೊಟ್ಟಿತು. ಆಗ ಹೊಂಡದಲ್ಲಿ ಕೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

ಹಾಳೆ ಎತ್ತಿ ನೋಡಿದೆವು. ಕೆಳಗೆ ಅಡಕೆ ಗಾತ್ರದ ಒಂದು ಬೆಣಚುಕಲ್ಲು, ಅದರ ಮೂತಿ ಮೇಲಕ್ಕೆ. ಇನ್ನೊಂದು ಕಡೆ ಸಡಿಲ ಮಣ್ಣು ಕುಸಿದು ಹಾಳೆ ಜಗ್ಗಿ ಬೆಸುಗೆ ಬಿಟ್ಟಿತ್ತು. ಆ ಮನೆಯ ಯಜಮಾನರು ನನ್ನ ಮೇಲೆ ರೇಗಲಿಲ್ಲ. "ಹಾಳೆ ಹಾಸಿದ್ರಿ ಸ್ವಾಮಿ, ನೆಲ ಮಾಡ್ಲಿಲ್ಲ" ಅಂದರು, ಅಷ್ಟೆ. ಆ ವರ್ಷ ಅವರ ಮನೆಗೆ ಬಂದ ರಾಗಿ ಊಟಕ್ಕೇ ಸಾಲಲಿಲ್ಲ. ತಪ್ಪು ಹಾಳೆಯದಲ್ಲ, ನನ್ನದು.

ಆ ಪಾಠವನ್ನು ಸರಿಯಾಗಿ ಕಲಿತದ್ದು ಮಾತ್ರ ಬೆಂಗಳೂರಿನ ದಂಡಿನ ಪ್ರದೇಶದಲ್ಲಿ, ಕುಕ್ ಟೌನಿನ ಒಂದು ಹಿತ್ತಲಲ್ಲಿ. ವೀಲರ್ ರಸ್ತೆಯಿಂದ ಒಳಕ್ಕೆ ಹಳೆಯ ಹೆಂಚಿನ ಮನೆಯೊಂದರ ಹಿಂಭಾಗದಲ್ಲಿ ನಾನು ಬಾಡಿಗೆಗಿದ್ದೇನೆ. ಮನೆಯೊಡತಿ ಎಪ್ಪತ್ತು ದಾಟಿದ ಅಮ್ಮನವರು, ಕೋಲಾರದ ಕಡೆಯ ರೈತರ ಮನೆಯಲ್ಲಿ ಹುಟ್ಟಿದವರು. 2023ರಲ್ಲಿ ಮಳೆ ಕೈಬಿಟ್ಟು 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪರದಾಡಿದ್ದು ನಿಮಗೂ ಗೊತ್ತು. ಅವರ ಕೊಳವೆಬಾವಿಯೂ ಬತ್ತಿತು. ಹಿತ್ತಲ ಕರಿಬೇವು, ನಿಂಬೆ, ಬಾಳೆ ಒಣಗುವುದನ್ನು ನೋಡಲಾರದೆ, "ಛಾವಣಿ ನೀರು ಬೀದಿಗೆ ಹೋಗೋದು ಬೇಡಪ್ಪ, ಒಂದು ಕೊಳ ಮಾಡಿಕೊಡು" ಎಂದರು.

ಪಟ್ಟಣದ ಹಿತ್ತಲಿಗೂ ನಮ್ಮ ಹೊಲಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಣ್ಣಿನ ಸಂಬಂಧ. ಕುಕ್ ಟೌನಿನಿಂದ ಕೆ.ಆರ್. ಪುರ, ಹೊಸಕೋಟೆ ದಾಟಿ ಕೋಲಾರದವರೆಗೂ ಹೆಚ್ಚಾಗಿ ಕಾಣುವುದು ಒಂದೇ ಬಗೆಯ ನೆಲ: ಮೇಲೆ ಕೆಂಪು ಮಣ್ಣು, ಕೆಳಗೆ ಗರಸು, ನಡುನಡುವೆ ಬೆಣಚುಕಲ್ಲು, ಅದರ ಕೆಳಗೆ ಕಳಿತ ಬಂಡೆ. ಈ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಅದಕ್ಕೇ ಹಾಳೆ ಬೇಕು. ಈ ನೆಲದಲ್ಲಿ ಮೊನೆಗಲ್ಲು ಹೆಚ್ಚು, ಅದಕ್ಕೇ ಹಾಳೆ ಬೇಗ ತೂತಾಗುತ್ತದೆ. ಎರೆ ಭೂಮಿಯವರ ಮಾತು ಬೇರೆ. ಆಳವಾದ ಎರೆ ಮಣ್ಣಿನಲ್ಲಿ ನೀರು ಇಂಗುವುದೇ ಕಡಿಮೆ, ಎಷ್ಟೋ ಕಡೆ ಹಾಳೆಯ ಅಗತ್ಯವೇ ಬೀಳುವುದಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಲೆಕ್ಕ ಮನಸ್ಸಿಗೆ ತಂದುಕೊಳ್ಳಿ. ಮೂರು ಅಡಿ ನೀರು ನಿಂತರೆ ತಳದ ಒಂದೊಂದು ಚದರ ಅಡಿಯ ಮೇಲೂ ಸುಮಾರು 85 ಕೆ.ಜಿ. ಭಾರ ಬೀಳುತ್ತದೆ. ಮೂರು ಮೀಟರ್ ಆಳದ ಹೊಂಡದಲ್ಲಾದರೆ ಸುಮಾರು 280 ಕೆ.ಜಿ., ಅಂದರೆ ಒಂದು ಚದರ ಅಡಿಯ ಮೇಲೆ ಕ್ವಿಂಟಾಲಿನ ಮೂರು ಮೂಟೆ ಪೇರಿಸಿದ ಹಾಗೆ. ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆಯ ದಪ್ಪ ಬರಿಯ ಅರ್ಧ ಮಿಲಿಮೀಟರ್. ಅಷ್ಟು ಭಾರವನ್ನು ಅದು ಹೊರುವುದಿಲ್ಲ. ಹೊರುವುದು ನೆಲ. ಹಾಳೆ ನೀರನ್ನು ತಡೆಯುತ್ತದೆ, ಅಷ್ಟೆ. ನೆಲದಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಹಾಳೆ ಜಗ್ಗುತ್ತದೆ, ಎಲ್ಲಿ ಮೊನೆಯಿದೆಯೋ ಅಲ್ಲಿ ಹರಿಯುತ್ತದೆ.

ಮೊದಲು ಜಾಗ. ಕುಕ್ ಟೌನಿನ ಹಿತ್ತಲಲ್ಲಿ ದೊಡ್ಡ ಮಳೆಮರವೊಂದಿತ್ತು. ಅದರ ನೆರಳಲ್ಲೇ ತೋಡೋಣವೆಂದರು ಅಮ್ಮ. ಬೇಡವೆಂದೆ. ಕೊಂಬೆ ಹರಡಿದಷ್ಟು ದೂರಕ್ಕೂ ಬೇರು ಹರಡಿರುತ್ತದೆ. ಬಿದಿರ ಮೆಳೆಯ ಹತ್ತಿರ ಬೇಡ, ಜೊಂಡು ಬೆಳೆಯುವಲ್ಲಿ ಬೇಡ. ತೆಂಗಿನ ಕೆಳಗೂ ಬೇಡ, ಬಿದ್ದ ಕಾಯಿ, ಗರಿ ಹಾಳೆ ಸೀಳುತ್ತವೆ. ಹಾಳು ಬಾವಿ, ತಿಪ್ಪೆಗುಂಡಿ ಮುಚ್ಚಿದ ಜಾಗವಂತೂ ಬೇಡವೇ ಬೇಡ. ತುಂಬು ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ನಮ್ಮ ಹಿತ್ತಲಲ್ಲಿ ಮೇಲಿನ ಒಂದೂವರೆ ಅಡಿ ಪೂರ್ತಿ ಇಂಥದೇ ಮಣ್ಣು. ಹೆಂಚಿನ ಚೂರು, ಗಾಜಿನ ಚೂರು, ತುಕ್ಕು ಹಿಡಿದ ಮೊಳೆ ಎಲ್ಲ ಸಿಕ್ಕಿದವು. ಅದನ್ನೆಲ್ಲ ತೆಗೆದು ಹಾಕಿ, ಯಾರೂ ಕೈಯಿಡದ ಗಟ್ಟಿ ಮಣ್ಣು ಸಿಗುವ ತನಕ ತೋಡಿಸಿದೆ.

ಎರಡನೆಯದು ಆಕಾರ. ಅಂಚು 12 ಅಡಿ ಉದ್ದ, 9 ಅಡಿ ಅಗಲ. ಆಳ 3 ಅಡಿ. ಒಂದು ಅಡಿ ಇಳಿದರೆ ಒಂದು ಅಡಿ ಒಳಕ್ಕೆ ಬರುವಂತೆ ನಾಲ್ಕೂ ಕಡೆ ಇಳಿಜಾರು. ಇದರಲ್ಲಿ ಸುಮಾರು 4,800 ಲೀಟರ್ ಹಿಡಿಯುತ್ತದೆ. ಗೋಡೆಯಂತೆ ನೇರ ಕಡಿದರೆ ಮಣ್ಣು ಉದುರುತ್ತದೆ, ಮಧ್ಯೆ ಹಾಳೆ ಆಧಾರವಿಲ್ಲದೆ ತೂಗುತ್ತದೆ. ಅಂಚು ನಾಲ್ಕೂ ಕಡೆ ಒಂದೇ ಮಟ್ಟಕ್ಕಿರಬೇಕು. ನೀರು ತುಂಬಿದ ಪಾರದರ್ಶಕ ಕೊಳವೆ ಹಿಡಿದರೆ ಮಟ್ಟ ತಾನೇ ತಿಳಿಯುತ್ತದೆ. ಒಂದು ಕಡೆ ನಾಲ್ಕು ಬೆರಳು ತಗ್ಗಿದ್ದರೆ ಕೊಳ ಅಷ್ಟು ಕಡಿಮೆಯೇ ತುಂಬುವುದು.

ಮೂರನೆಯದು ನೆಲ ಮಾಡುವುದು. ಎಲ್ಲಕ್ಕಿಂತ ಮುಖ್ಯ ಇದು, ಇಲ್ಲಿ ಅವಸರ ಬೇಡ.

ನಾನು ದೊಡ್ಡ ಮಾತಿನಲ್ಲಿ ವಿವರಿಸಲು ಹೊರಟಾಗ ಅಮ್ಮನವರು ಮೇಸ್ತ್ರಿಗೆ ಒಂದೇ ಮಾತಿನಲ್ಲಿ ಹೇಳಿದರು: "ಕಣ ಮಾಡೋ ಹಾಗೆ ಮಾಡಪ್ಪ." ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಸುಗ್ಗಿಗೆ ಮುಂಚೆ ಕಣವನ್ನು ಹೇಗೆ ಮಾಡುತ್ತೀರಿ? ಹುಲ್ಲು ಕೆತ್ತಿ, ಕಲ್ಲು ಆರಿಸಿ, ನೀರು ಚಿಮುಕಿಸಿ, ಬಡಿದು, ಉರುಳುಗಲ್ಲು ಹೊಡೆದು, ಒಂದು ಕಾಳೂ ಮಣ್ಣಿಗೆ ಸಿಕ್ಕದ ಹಾಗೆ. ಕೊಳದ ತಳವನ್ನೂ ಇಳಿಜಾರನ್ನೂ ಹಾಗೆಯೇ ಮಾಡಿ.

ಹೊರಗೆ ಕಾಣುವ ಕಲ್ಲನ್ನಷ್ಟೇ ತೆಗೆದರೆ ಸಾಲದು. ಮಣ್ಣಿನಲ್ಲಿ ಅರ್ಧ ಹೂತ ಕಲ್ಲನ್ನು ಗುದ್ದಲಿ ಮೊನೆಯಿಂದ ಮೀಟಿ ತೆಗೆದು, ಆ ಗುಳಿಗೆ ಒದ್ದೆ ಜೇಡಿಮಣ್ಣು ತುಂಬಿ ಬಡಿಯಿರಿ. ಬೇರು ಸಿಕ್ಕರೆ ನೆಲದ ಮಟ್ಟಕ್ಕೆ ಕತ್ತರಿಸಿ ಬಿಡಬೇಡಿ, ಎರಡು ಅಂಗುಲ ಒಳಗೆ ಕತ್ತರಿಸಿ ಮೇಲೆ ಮಣ್ಣು ಮುಚ್ಚಿ. ಗರಿಕೆ ಬೇರನ್ನೂ ಕೊನ್ನಾರಿ ಗಡ್ಡೆಯನ್ನೂ ಒಂದೊಂದಾಗಿ ಹೆಕ್ಕಿ. ಕೊನ್ನಾರಿಯ ಮೊಳಕೆ ಸೂಜಿಯಂತೆ ಪ್ಲಾಸ್ಟಿಕ್ಕನ್ನು ಚುಚ್ಚಿಕೊಂಡು ಮೇಲೆ ಬರುತ್ತದೆ. ಗೆದ್ದಲ ಹುತ್ತ, ಹೆಗ್ಗಣದ ಬಿಲ ಇದ್ದರೆ ಕೊನೆಯವರೆಗೂ ಅಗೆದು, ಗಟ್ಟಿಯಾಗಿ ಮುಚ್ಚಿ. ದನ ಕುಡಿಯುವ, ಮೀನು ಬಿಡುವ ನೀರಿನ ಕೆಳಗೆ ವಿಷ ಸುರಿಯುವುದು ಬೇಡ.

ಮಣ್ಣು ಬಡಿಯಲು ಹದ ಬೇಕು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ನೋಡಿ. ಉಂಡೆ ಕಟ್ಟಬೇಕು, ಕೈಗೆ ಅಂಟಬಾರದು. ಪುಡಿಯಾದರೆ ಇನ್ನಷ್ಟು ನೀರು ಚಿಮುಕಿಸಿ, ಅಂಟಿದರೆ ಒಂದು ದಿನ ಆರಲು ಬಿಡಿ. ತಗ್ಗು ತುಂಬುವುದಾದರೆ ಒಂದೇ ಸಲ ಸುರಿಯದೆ ನಾಲ್ಕು ಅಂಗುಲ ಹಾಕಿ ದಿಮ್ಮಸು ಹೊಡೆದು, ಮತ್ತೆ ನಾಲ್ಕು ಅಂಗುಲ ಹಾಕಿ. ಹಿಮ್ಮಡಿ ಊರಿದರೆ ಗುರುತು ಮೂಡದಷ್ಟು ನೆಲ ಗಟ್ಟಿಯಾಗಬೇಕು.

ಆಮೇಲೆ ಮೆತ್ತನೆಯ ಹಾಸು. ತಳಕ್ಕೆ ಜರಡಿ ಹಿಡಿದ ನಯವಾದ ಮರಳನ್ನೋ ಮಣ್ಣನ್ನೋ ಎರಡು ಅಂಗುಲ ಹರಡಿ. ಇಳಿಜಾರಿನಲ್ಲಿ ಮರಳು ನಿಲ್ಲುವುದಿಲ್ಲ, ಅಲ್ಲಿಗೆ ಜರಡಿ ಹಿಡಿದ ಜೇಡಿಮಣ್ಣನ್ನು ಕಲಸಿ ಮೆತ್ತಿ ಕೈಯಿಂದ ಸವರಿ ಒಣಗಿಸಿ. ಅದರ ಮೇಲೆ ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ, ತೊಳೆದು, ಒಂದರ ಮೇಲೊಂದು ಸ್ವಲ್ಪ ಬರುವಂತೆ ಹಾಸಬಹುದು. ಗೋಣಿಚೀಲ ಬೇಡ, ಅದು ಕೊಳೆಯುತ್ತದೆ, ಗೆದ್ದಲನ್ನು ಕರೆಯುತ್ತದೆ.

ಇಲ್ಲೇ ಕಣಕ್ಕೂ ಕೊಳಕ್ಕೂ ಒಂದು ವ್ಯತ್ಯಾಸವಿದೆ, ತಾಯಂದಿರು ಗಮನವಿಟ್ಟು ಕೇಳಬೇಕು. ಕಣಕ್ಕೆ ಕೊನೆಗೆ ಸಗಣಿ ಸಾರಿಸುತ್ತೇವೆ. ಅಮ್ಮನವರೂ ಸಗಣಿ ಕಲಸಲು ಹೊರಟಿದ್ದರು. ಹಾಳೆಯ ಕೆಳಗೆ ಸಗಣಿ, ಹುಲ್ಲು, ತರಗೆಲೆ ಯಾವುದೂ ಉಳಿಯಬಾರದು. ಕೊಳೆತು ಗಾಳಿ ಹುಟ್ಟಿ, ಹಾಳೆ ನೀರೊಳಗೆ ಎಮ್ಮೆಯ ಬೆನ್ನಿನಂತೆ ಉಬ್ಬಿ ಏಳುತ್ತದೆ.

ಕೊನೆಗೆ ಬರಿಗಾಲಿನ ಪರೀಕ್ಷೆ. ಮೇಸ್ತ್ರಿ ಕೆಲಸ ಮುಗಿಯಿತೆಂದರು. ನಾನು ಕಣ್ಣಲ್ಲಿ ನೋಡಿ ಸರಿಯೆಂದೆ. ಅಮ್ಮನವರು ಚಪ್ಪಲಿ ಬಿಟ್ಟು, ನನ್ನ ಕೈ ಹಿಡಿದು ಇಳಿದು, ಮೂಲೆಯಿಂದ ಮೂಲೆಗೆ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದರು. ಆರು ಕಡೆ ನಿಂತರು. ಆರೂ ಕಡೆ ಚೂಪುಗಲ್ಲು ಸಿಕ್ಕಿತು! ನನ್ನ ಕಣ್ಣಿಗೆ ಬೀಳದ್ದು ಅವರ ಅಂಗಾಲಿಗೆ ತಿಳಿಯಿತು. ಅಂದಿನಿಂದ ನಾನು ಹೋದ ಕಡೆಯಲ್ಲೆಲ್ಲ ಈ ಪರೀಕ್ಷೆ ಮಾಡಿಸದೆ ಹಾಳೆ ಬಿಚ್ಚಿಸುವುದಿಲ್ಲ. ಇಳಿಜಾರನ್ನು ಅಂಗೈಯಿಂದ ಸವರಿ ನೋಡಬೇಕು.

ಹಾಳೆಯ ಅಳತೆಗೆ ಲೆಕ್ಕ ಬರಬೇಕೆಂದಿಲ್ಲ. ಒಂದು ಹಗ್ಗವನ್ನು ಒಂದು ಅಂಚಿನಿಂದ ಇಳಿಬಿಟ್ಟು, ತಳಕ್ಕೆ ತಾಗಿಸಿ, ಎದುರು ಅಂಚಿಗೆ ಏರಿಸಿ ಅಳೆಯಿರಿ. ಸಣ್ಣ ಕೊಳವಾದರೆ ಎರಡೂ ಕಡೆ ಎರಡೆರಡು ಅಡಿ ಸೇರಿಸಿ. ಹೊಲದ ಹೊಂಡಕ್ಕೆ ಅಂಚಿನಿಂದ ಒಂದೂವರೆ ಅಡಿ ದೂರದಲ್ಲಿ ಒಂದೂವರೆ ಅಡಿ ಆಳದ ಕಾಲುವೆ ತೆಗೆದು, ಹಾಳೆಯ ತುದಿಯನ್ನು ಅದರೊಳಗೆ ಇಳಿಸಿ ಮಣ್ಣು ತುಂಬಿ ಬಡಿಯಬೇಕು, ಆದ್ದರಿಂದ ಅಲ್ಲಿ ಇನ್ನೂ ಹೆಚ್ಚು ಬೇಕು. ಹಾಳೆಯನ್ನು ಬಿಗಿಯಾಗಿ ಎಳೆಯಬೇಡಿ, ನೆಲಕ್ಕೆ ಒರಗುವಷ್ಟು ಸಡಿಲವಿರಲಿ. ಮಳೆನೀರು ಹಾಳೆಯ ಹಿಂದೆ ನುಗ್ಗದಂತೆ ಬರುವ ದಾರಿ, ಹೋಗುವ ದಾರಿ ಎರಡನ್ನೂ ಮೊದಲೇ ಗೊತ್ತುಮಾಡಿ.

ನೀರು ತುಂಬಿದ ಮೇಲೆ ಸೋರುತ್ತಿದೆಯೋ ಆವಿಯಾಗುತ್ತಿದೆಯೋ ಎಂಬ ಅನುಮಾನ ಬಂದರೆ, ಒಂದು ಬಕೆಟ್ಟಿಗೆ ನೀರು ತುಂಬಿ ಕೊಳದ ಪಕ್ಕ ಬಿಸಿಲಿನಲ್ಲಿಡಿ. ಎರಡರಲ್ಲೂ ಗುರುತು ಹಾಕಿ, ಮಳೆಯಿಲ್ಲದ ಮೂರು ದಿನ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಇಳಿದರೆ ಅದು ಸೂರ್ಯನ ಪಾಲು. ಕೊಳವೇ ಬಹಳ ಇಳಿದರೆ ತೂತು ಹುಡುಕಿ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಒದ್ದೆಯಾದ ಹಾಳೆ ಪಾಚಿಗಲ್ಲಿಗಿಂತ ಜಾರುತ್ತದೆ. ಈಜು ಬಲ್ಲವರೂ ಹತ್ತಿ ಬರಲಾರರು. ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿವರ್ಷ ಪತ್ರಿಕೆಯಲ್ಲಿ ಬರುತ್ತದೆ. ಸುತ್ತ ಬೇಲಿ ಹಾಕಿ. ಗಟ್ಟಿ ಗೂಟಕ್ಕೆ ಕಟ್ಟಿದ ಗಂಟುಹಗ್ಗ ನಾಲ್ಕೂ ಕಡೆ ನೀರೊಳಗೆ ಇಳಿಬಿದ್ದಿರಲಿ. ಇದು ನಾಳೆಗೆ ಬಿಡುವ ಕೆಲಸವಲ್ಲ, ನೀರು ತುಂಬುವುದಕ್ಕೆ ಮೊದಲೇ ಆಗಬೇಕು.

ಕುಕ್ ಟೌನಿನ ಕೊಳ ಈಗಲೂ ನೀರು ಹಿಡಿದು ನಿಂತಿದೆ. ಸೊಳ್ಳೆ ಮರಿ ತಿನ್ನಲು ಗಪ್ಪಿ ಮೀನು ಬಿಟ್ಟಿದ್ದೇವೆ, ಸುತ್ತ ಬೇಲಿಯಿದೆ, ಬಾಳೆ ಗೊನೆ ಹಾಕಿದೆ. ಹೊಸಕೋಟೆ ಕಡೆಯ ಆ ಯಜಮಾನರ ಹೊಂಡವನ್ನೂ ಮರುವರ್ಷ ಹಾಳೆ ಎತ್ತಿ, ಕಲ್ಲು ಆರಿಸಿ, ದಿಮ್ಮಸು ಹೊಡೆಸಿ, ಹರಿದಲ್ಲಿ ಬೆಸುಗೆ ಹಾಕಿಸಿ ಸರಿಮಾಡಿದೆವು. ನೆಲ ಮಾಡಲು ಅವರ ಮನೆಯವರೆಲ್ಲ ಸೇರಿ ನಾಲ್ಕು ದಿನ ದುಡಿದರು. ಆ ನಾಲ್ಕು ದಿನವನ್ನು ಮೊದಲೇ ಕೊಟ್ಟಿದ್ದರೆ ಒಂದು ವರ್ಷದ ರಾಗಿ ಉಳಿಯುತ್ತಿತ್ತು.

ಹೊಂಡ ತೋಡುವ ಯೋಚನೆ ಇರುವವರು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಬೇಸಿಗೆಯಲ್ಲೇ ತೋಡಿ, ಒಂದೆರಡು ಹದಮಳೆಗೆ ನೆಲ ಬಡಿದು, ಮುಂಗಾರು ಬಲಿಯುವುದರೊಳಗೆ ಹಾಳೆ ಹಾಸಿ. ಹಾಸುವ ಮುಂಚೆ ಮನೆಯ ಹಿರಿಯರನ್ನು ಕರೆದು ಒಮ್ಮೆ ಬರಿಗಾಲಿನಲ್ಲಿ ನಡೆಸಿ.