145 ತುಂಡಿನ ಯೂನಿಕಾರ್ನ್: ಈ ಚಿಕ್ಕ ಲೆಗೋ ಪೆಟ್ಟಿಗೆ ತಗೋಬಹುದಾ?

ವೀಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಮಾತುಗಳನ್ನ ಇಲ್ಲಿ ಬರೆದು ಹಾಕಿದ್ದೀವಿ.

ಮಕ್ಕಳ ಹುಟ್ಟುಹಬ್ಬ ಅಂದ್ರೆ ಈಗ ಲೆಗೋ ಬೇಕು ಅನ್ನೋದು ಮಾಮೂಲಿ. ದೊಡ್ಡ ಕೋಟೆ, ಡ್ರ್ಯಾಗನ್ ಪೆಟ್ಟಿಗೆಗಳ ಬೆಲೆ ನೋಡಿದ್ರೆ ಕೈ ಹಿಂದೆ ಹೋಗುತ್ತೆ. ಆಗ ಕಣ್ಣಿಗೆ ಬೀಳೋದು ಕೆಳಗಿನ ಸಾಲಿನ ಚಿಕ್ಕ ಪೆಟ್ಟಿಗೆಗಳು. ಅಂಥದ್ದೇ ಒಂದು, ಲೆಗೋ ಕ್ರಿಯೇಟರ್ ಸರಣಿಯ ‘ಮ್ಯಾಜಿಕಲ್ ಯೂನಿಕಾರ್ನ್’. ನಂಬರ್ 31140, ಬಂದದ್ದು 2023ರಲ್ಲಿ, 145 ತುಂಡು, 7 ವರ್ಷ ದಾಟಿದ ಮಕ್ಕಳಿಗೆ. ಬಿಳಿ ಮೈ, ಬಣ್ಣಬಣ್ಣದ ಕೇಸರ, ಹಣೆಯಲ್ಲಿ ಒಂಟಿ ಕೊಂಬು.

ನನ್ನ ತೀರ್ಮಾನ ಮೊದಲೇ ಹೇಳ್ಬಿಡ್ತೀನಿ. ಒಂದ್ಸಲ ಕಟ್ಟಿ ಷೋಕೇಸಿನಲ್ಲಿ ಇಡೋದಾದ್ರೆ ಇದು ದುಬಾರಿ ಗೊಂಬೆ. ಬಿಚ್ಚಿ ಮತ್ತೆ ಕಟ್ಟೋ ಮಗುವಿಗಾದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಯಾಕೆ ಅಂತ ನೋಡೋಣ.

ಒಂದೇ ಪೆಟ್ಟಿಗೆ, ಮೂರು ಪ್ರಾಣಿ

ಅವೇ ಇಟ್ಟಿಗೆಗಳಿಂದ ಯೂನಿಕಾರ್ನ್, ಕಡಲ್ಗುದುರೆ, ನವಿಲು, ಹೀಗೆ ಮೂರು ಮಾಡಬಹುದು. ಆದ್ರೆ ಒಂದು ಸಲಕ್ಕೆ ಒಂದೇ! ನವಿಲು ಬೇಕಂದ್ರೆ ಯೂನಿಕಾರ್ನ್ ಬಿಚ್ಚಬೇಕು. ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬಳಿಗೆ ಅದು, ಇನ್ನೊಬ್ಬನಿಗೆ ಇದು ಬೇಕಾದ್ರೆ ಜಗಳ ಗ್ಯಾರಂಟಿ. ನವಿಲು ಅಂದ ತಕ್ಷಣ ನಮ್ಮೂರ ನೀಲಿ ಕತ್ತಿನ ನವಿಲನ್ನ ನಿರೀಕ್ಷಿಸಬೇಡಿ, ಇಟ್ಟಿಗೆಗಳ ಬಣ್ಣ ಯೂನಿಕಾರ್ನ್‌ಗೆ ಹೊಂದೋ ಹಾಗೆ ಇರೋದು.

ಬಿಚ್ಚೋದನ್ನ ನಷ್ಟ ಅಂದ್ಕೋಬೇಡಿ, ಪೆಟ್ಟಿಗೆಯ ಬೆಲೆ ಇರೋದೇ ಅದರಲ್ಲಿ. ಒಂದು ಲೆಕ್ಕ ಕೇಳಿ. ಎಂಟು ಗುಬುಟಿನ, ಒಂದೇ ಬಣ್ಣದ ಬರೀ ಆರು ಇಟ್ಟಿಗೆ ತಗೊಂಡ್ರೆ ಅವನ್ನ 91,51,03,765 ಥರ ಜೋಡಿಸಬಹುದು ಅಂತ ಗಣಿತದವರು ಎಣಿಸಿದ್ದಾರೆ. 91 ಕೋಟಿಗೂ ಮೇಲೆ! ಇಲ್ಲಿರೋದು 145 ತುಂಡು. ಮೂರು ಪ್ರಾಣಿ ಬರೀ ಶುರು. ನಾಲ್ಕನೆಯದನ್ನ ಮಗು ತಾನೇ ಮಾಡಬೇಕು.

ಬೆಲೆ ಹೇಗೆ ಅಳೆಯೋದು?

ಎಲ್ಲರೂ ಮಾಡೋದು ಬೆಲೆಯನ್ನ ತುಂಡಿನ ಲೆಕ್ಕದಿಂದ ಭಾಗಿಸೋದು. 1,000 ರೂಪಾಯಿಗೆ ಸಿಕ್ಕರೆ ತುಂಡಿಗೆ ಸುಮಾರು 7 ರೂಪಾಯಿ. ಆದ್ರೆ ಈ ಲೆಕ್ಕ ಅರ್ಧ ಸತ್ಯ. ಬೆರಳ ತುದಿಯಷ್ಟಿರೋ ತುಂಡೂ ಒಂದೇ, ಉದ್ದದ ಇಟ್ಟಿಗೆಯೂ ಒಂದೇ. ಅದರ ಬದಲು ಮೂರು ಪ್ರಶ್ನೆ ಕೇಳಿ. ಕಾಲು, ಕತ್ತು ತಿರುಗುತ್ತಾ? ಎಷ್ಟು ಥರ ಕಟ್ಟಬಹುದು? ಮನೆಯಲ್ಲಿರೋ ಹಳೇ ಇಟ್ಟಿಗೆಗೆ ಕೂಡುತ್ತಾ? ಕೊನೆಯದಕ್ಕೆ ಲೆಗೋದಲ್ಲಿ ಯೋಚನೆ ಬೇಡ. 1958ರಲ್ಲಿ ಡೆನ್ಮಾರ್ಕಿನಲ್ಲಿ ಪೇಟೆಂಟ್ ಆದ ಇಟ್ಟಿಗೆಯ ಅಳತೆಯೇ ಇವತ್ತಿಗೂ ನಡೀತಿದೆ.

ವಿದೇಶದಲ್ಲಿರೋ ನೆಂಟರು “ಇಲ್ಲಿ ಇಷ್ಟೊಂದಿಲ್ಲಪ್ಪಾ” ಅಂತಾರಲ್ಲ, ಅದಕ್ಕೆ ಒಂದು ಕಾರಣ ಸುಂಕ. ಆಮದು ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು.

ಬಜಾರಿನ ಇಟ್ಟಿಗೆ ಆಗಲ್ವಾ?

ಮುಂಬೈನ ಕ್ರಾಫರ್ಡ್ ಮಾರ್ಕೆಟ್, ದೆಹಲಿಯ ಸದರ್ ಬಜಾರ್, ಹೈದರಾಬಾದಿನ ಬೇಗಂ ಬಜಾರ್ ಕಡೆ ಹೋಗೋರು ಕೇಳೋ ಪ್ರಶ್ನೆ ಇದು. ಲೆಗೋ ಇಟ್ಟಿಗೆಯ ಮೂಲ ಪೇಟೆಂಟ್ ಮುಗಿದು ಬಹಳ ಕಾಲ ಆಯ್ತು, ಹಾಗಾಗಿ ಹೊಂದೋ ಇಟ್ಟಿಗೆಯನ್ನ ಬೇರೆಯವರು ತಮ್ಮ ಹೆಸರಲ್ಲಿ ಮಾಡೋದು ತಪ್ಪಲ್ಲ. ಲೆಗೋ ಹೆಸರು, ಚಿತ್ರ ಕದ್ದದ್ದು ಬೇರೆ ವಿಷಯ, ಅದನ್ನ ಬಿಟ್ಬಿಡಿ. ಕೊಳ್ಳೋ ಮುಂಚೆ ಎರಡು ಇಟ್ಟಿಗೆ ಒತ್ತಿ ನೋಡೋಕೆ ಸಿಕ್ಕರೆ ನೋಡಿ: ಬಿಗಿಯಾಗಿ ಕೂತು, ಮಗುವಿನ ಕೈಗೂ ಬಿಡಿಸೋಕೆ ಬರಬೇಕು.

ಯಾವ ಕಂಪನಿದೇ ಆಗಲಿ, ಪೆಟ್ಟಿಗೆ ಮೇಲೆ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಅದು ಕಡ್ಡಾಯ, ಹೊರದೇಶದ ಮಾಲಿಗೂ ಸೇರಿ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ರೆ ಈ ಪೆಟ್ಟಿಗೆ ಸದ್ಯಕ್ಕೆ ಬೇಡ, ಅಥವಾ ಎತ್ತರದಲ್ಲಿಡಿ. ತುಂಡುಗಳು ಗಂಟಲಿಗೆ ಸಿಕ್ಕೋ ಅಷ್ಟು ಚಿಕ್ಕವು.

ಅಜ್ಜಿಗೂ ಕೆಲಸ ಇದೆ

ಊರು ಬಿಟ್ಟು ಬಂದ ನಮ್ಮಂಥವರಿಗೆ ಒಂದು ವಿಶೇಷ ಲಾಭ ಇದೆ. ಲೆಗೋ ಕೈಪಿಡಿಯ ಹಂತಗಳಲ್ಲಿ ಮಾತಿಲ್ಲ, ಬರೀ ಚಿತ್ರ. ರಜೆಗೆ ಬಂದ ಅಜ್ಜಿಗೆ ಇಂಗ್ಲಿಷ್ ಬರದಿದ್ರೂ ಮೊಮ್ಮಗಳ ಜೊತೆ ಕೂತು ಕಟ್ಟಬಹುದು. ಶಾಲೆಯಲ್ಲಿ ಮರಾಠಿ, ತಮಿಳು, ಹಿಂದಿ ಆಡೋ ಮಗುವಿಗೆ ಆಗ ಬೇಕಾಗೋದು ‘ಎಡಕ್ಕೆ, ಅಲ್ಲ ಬಲಕ್ಕೆ’, ‘ಮೇಲಿಂದ ಎರಡನೇದು’, ‘ಇನ್ನೊಂಚೂರು ಒತ್ತು’ ಅನ್ನೋ ಮಾತುಗಳು. ಕನ್ನಡ ಕಲಿ ಅಂತ ಕೂರಿಸಿದ್ರೆ ಓಡೋ ಮಗು ಇಲ್ಲಿ ಅರ್ಧ ಗಂಟೆ ಕನ್ನಡ ಕೇಳುತ್ತೆ, ಉತ್ತರಾನೂ ಕೊಡುತ್ತೆ. ಕೈಪಿಡಿ ಕಳೆದುಹೋದ್ರೆ ಲೆಗೋ ವೆಬ್‌ಸೈಟಿನಲ್ಲಿ 31140 ಅಂತ ಹುಡುಕಿ, ಪುಕ್ಕಟೆ ಸಿಗುತ್ತೆ.

ಕೊನೆಯದಾಗಿ, ಮನೆಯಲ್ಲಿ ಆಗಲೇ ಇಟ್ಟಿಗೆಗಳ ಡಬ್ಬಿ ತುಂಬಿದ್ರೆ ಹೊಸ ಪೆಟ್ಟಿಗೆಗೆ ಅವಸರ ಬೇಡ. ಮೊದಲ ಪೆಟ್ಟಿಗೆ ಹುಡುಕ್ತಿದ್ರೆ, ಮಗುವಿಗೆ ಏಳಾಗಿದ್ರೆ, ಜೊತೆಗೆ ಕೂರೋಕೆ ಮನೆಯಲ್ಲಿ ಒಬ್ಬರಿದ್ರೆ ಧಾರಾಳವಾಗಿ ತಗೊಳ್ಳಿ. ಯೂನಿಕಾರ್ನ್ ನಿಂತ ಮೇಲೆ ನಾಲ್ಕು ದಿನ ಬಿಟ್ಟು ನೀವೇ ಕೇಳಿ: “ನವಿಲು ಮಾಡೋಣ್ವಾ?”